ಕಾವಲಿನ ಕರು ಕೊಟ್ಟಿಗೆಗೆ ಬಂದಾಗ

ನಮ್ಮ ಸೀಮೆಯಲ್ಲಿ ರೈತನ ಮನೆಗೆ ಕುದುರೆಮರಿ ಬರುವುದಿಲ್ಲ. ಬಂದರೆ ಅಮೃತಮಹಲ್ ಹೋರಿಕರು. ಓಟದಲ್ಲೂ ಸಿಟ್ಟಿನಲ್ಲೂ ಅದು ಕುದುರೆಗೆ ಕಡಿಮೆಯಿಲ್ಲ.

ಬಿ.ದುರ್ಗದವರಿಗೆ ಇದು ದೂರದ ಮಾತೂ ಅಲ್ಲ. ಚಿಕ್ಕಜಾಜೂರಿನಲ್ಲಿ ಬೀರೂರು ಕಡೆಯ ರೈಲು ಹತ್ತಿದರೆ ಹೊಳಲ್ಕೆರೆ, ರಾಮಗಿರಿ, ಹೊಸದುರ್ಗ ರೋಡ್, ಶಿವನಿ ದಾಟಿ ಅಜ್ಜಂಪುರ. ಅಲ್ಲಿನ ಅಮೃತಮಹಲ್ ತಳಿ ಕೇಂದ್ರವು ತನ್ನ ಕಾವಲುಗಳಲ್ಲಿ ಬೆಳೆದ ಹೋರಿಕರುಗಳನ್ನು ಹರಾಜಿನಲ್ಲಿ ರೈತರಿಗೆ ಮಾರುತ್ತದೆ.

ಮೈಸೂರು ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದಿದ್ದ ಈ ದನದ ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನಿಂದ. ಫಿರಂಗಿ, ಸಾಮಾನು ಎಳೆದುಕೊಂಡು ಸೈನ್ಯದ ಜೊತೆ ಓಡಿದ ದನ ಇವು. 1799ರ ನಂತರ ಇಂಗ್ಲಿಷರೂ ಇವನ್ನು ಬಿಡಲಿಲ್ಲ. ಹಾಲಿಗಾಗಿ ಸಾಕಿದ ತಳಿಯಲ್ಲ. ಕಾಲಿಗಾಗಿ, ದಮ್ಮಿಗಾಗಿ ಸಾಕಿದ್ದು.

ಇದು ಮನೆಯ ಕರು ಅಲ್ಲ

ಹಟ್ಟಿಯಲ್ಲಿ ಹುಟ್ಟಿದ ಕರುವಿಗೆ ಮನುಷ್ಯರ ಕೈ ಗೊತ್ತು. ಕಾವಲಿನ ಕರುವಿಗೆ ಗೊತ್ತಿರುವುದು ತಾಯಿ, ಹಿಂಡು, ಬಯಲು. ಹಗ್ಗ, ಗೂಟ, ಸೂರು ಎಲ್ಲ ಹೊಸತು. ಹಾಗಾಗಿ ಅದು ಎಗರುವುದು, ಹಾಯುವುದು ಕೆಟ್ಟ ಗುಣ ಅಲ್ಲ, ಹೆದರಿಕೆ. ಇದನ್ನು ತಿಳಿದವನಿಗೆ ಅರ್ಧ ಕೆಲಸ ಆದಂತೆ. ದೊಣ್ಣೆ ಹಿಡಿದವನ ಕೈಯಲ್ಲಿ ಅದೇ ಕರು ಜೀವಮಾನವಿಡೀ ಹಾಯುವ ಎತ್ತಾಗುತ್ತದೆ, ಕೊನೆಗೆ ದಲ್ಲಾಳಿ ಕೈ ಸೇರುತ್ತದೆ.

ಹರಾಜಿಗೆ ಹೋಗುವ ಮುಂಚೆ

ಮೂರು ಪ್ರಶ್ನೆ ಕೇಳಿಕೊಳ್ಳಿ. ವರ್ಷದ ಮೇವಿದೆಯಾ? ಮೊದಲ ಎರಡು ತಿಂಗಳು ದಿನಾ ಎರಡು ಹೊತ್ತು ಕರುವಿನ ಹತ್ತಿರ ಇರಲು ಮನೆಯಲ್ಲಿ ಒಬ್ಬರಿದ್ದಾರಾ? ಹೊಲದಲ್ಲಿ ಅವಕ್ಕೆ ಕೆಲಸ ಇದೆಯಾ?

ಮೇವಿನ ಲೆಕ್ಕ ಹೀಗಿದೆ. ನಾಲ್ಕು ಕ್ವಿಂಟಾಲ್ ತೂಗುವ ಬೆಳೆದ ಎತ್ತಿಗೆ ದಿನಕ್ಕೆ 8ರಿಂದ 10 ಕಿಲೋ ಒಣಮೇವು ಬೇಕು. ಜೋಡಿಗೆ ವರ್ಷಕ್ಕೆ ಆರೇಳು ಟನ್. ರಾಗಿ ಹುಲ್ಲು, ಜೋಳದ ಸಪ್ಪೆ ಕೂಡಿಹಾಕಿಕೊಂಡೇ ಹರಾಜಿಗೆ ಹೊರಡಿ. ಕರು ಕಟ್ಟಿದ ಮೇಲೆ ಹುಲ್ಲು ಹುಡುಕಿದರೆ ಸಾಲ ಗ್ಯಾರಂಟಿ.

ಜೋಡಿ ಆರಿಸುವಾಗ ಕೊಂಬಿನ ಚಂದ ಒಂದೇ ನೋಡಬೇಡಿ. ವಯಸ್ಸು, ಎತ್ತರ, ನಡೆ ಹೊಂದಬೇಕು. ಹಾಲುಹಲ್ಲು ಇದ್ದರೆ ಸಾಮಾನ್ಯವಾಗಿ ಎರಡು ವರ್ಷದ ಒಳಗಿನದು. ಎರಡಲ್ಲು ಹಾಕಿದ್ದರೆ ಎರಡು, ಎರಡೂವರೆ ವರ್ಷ. ನಡೆಸಿ ನೋಡಿ, ಗೊರಸು, ಮಂಡಿ, ಕಣ್ಣು ಗಮನಿಸಿ. ಸುಳಿ ನೋಡುವುದು ಅವರವರ ನಂಬಿಕೆ. ಕುಂಟುವ ಕಾಲನ್ನು ಒಳ್ಳೇ ಸುಳಿ ಸರಿಮಾಡುವುದಿಲ್ಲ.

ದಾರಿ, ಮೊದಲ ವಾರಗಳು

ಗಾಡಿಯ ತಳಕ್ಕೆ ಮರಳು, ಹುಲ್ಲು ಹಾಸಿ. ಜಾರಿ ಬಿದ್ದ ಕರು ಕಾಲು ಮುರಿದುಕೊಳ್ಳುತ್ತದೆ. ಬಿಸಿಲು ಇಳಿದ ಮೇಲೆ ಹೊರಡಿ. ಹರಾಜಿನ ರಸೀದಿ, ಪಶುವೈದ್ಯರ ಪತ್ರ ಜೇಬಿನಲ್ಲಿರಲಿ.

ಮನೆ ಮುಂದೆ ಆರತಿ ಎತ್ತುವವರು ಎತ್ತಲಿ. ಆದರೆ ತಮಟೆ, ಪಟಾಕಿ ಬೇಡ. ಊರೆಲ್ಲ ಒಂದೇ ದಿನ ನೋಡೋಕೆ ಬರುವುದೂ ಬೇಡ. ಎರಡು ಮೂರು ವಾರ ಬೇರೆ ದನದಿಂದ ದೂರ ಕಟ್ಟಿ. ರೋಗ ತಂದಿದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. 2022ರಲ್ಲಿ ಚರ್ಮಗಂಟು ರೋಗ ಹಟ್ಟಿಯಿಂದ ಹಟ್ಟಿಗೆ ಹೇಗೆ ಹಾರಿತು ಎಂದು ಎಲ್ಲರೂ ಕಂಡಿದ್ದೇವೆ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ, ಗಳಲೆ ಮತ್ತು ಚಪ್ಪೆ ರೋಗದ್ದು ಮಳೆಗಾಲಕ್ಕೆ ಮುಂಚೆ. ಜಂತುಹುಳುವಿನ ಔಷಧಿ ವೈದ್ಯರನ್ನು ಕೇಳಿ ಕೊಡಿ.

ಮೇವನ್ನು ಒಮ್ಮೆಗೇ ಬದಲಿಸಬೇಡಿ. ಬಯಲ ಹುಲ್ಲು ತಿಂದ ಹೊಟ್ಟೆಗೆ ಮೊದಲ ದಿನವೇ ಹಿಂಡಿ, ಹುರುಳಿ ಸುರಿದರೆ ಉಬ್ಬರವೋ ಬೇಧಿಯೋ ಖಂಡಿತ. ಹುಲ್ಲು, ನೀರಿನಿಂದ ಶುರುಮಾಡಿ, ಹುರುಳಿ ನುಚ್ಚನ್ನು ಹಿಡಿಹಿಡಿಯಾಗಿ ಏರಿಸಿ.

ಪಳಗಿಸುವುದು

ಮೇವು, ನೀರು ಒಬ್ಬರೇ ಕೊಡಲಿ. ಹಿಂದಿನಿಂದ ಹೋಗಬೇಡಿ, ಕಣ್ಣಿಗೆ ಬಿದ್ದು, ದನಿ ಕೊಟ್ಟು ಹತ್ತಿರ ಹೋಗಿ. ಮೊದಲು ಮೈ ಉಜ್ಜುವುದು, ಆಮೇಲೆ ಹಗ್ಗ ಹಿಡಿದು ನಡೆಸುವುದು. ಮೂಗುದಾರ ಹಾಕುವುದು, ಹಿಡ ಮಾಡಿಸುವುದು ಎರಡನ್ನೂ ಪಶುವೈದ್ಯರ ಕೈಲಿ, ನೋವು ತಿಳಿಯದಂತೆ ಮದ್ದು ಕೊಡಿಸಿಯೇ ಮಾಡಿಸಿ. ಮೂಗಿನ ಗಾಯ ಪೂರ್ತಿ ಮಾಗುವವರೆಗೆ ದಾರ ಜಗ್ಗಬಾರದು.

ನೊಗ ಹೂಡುವಾಗ ಪಕ್ಕದಲ್ಲಿ ಪಳಗಿದ ಹಳೇ ಎತ್ತಿದ್ದರೆ ಅದಕ್ಕಿಂತ ಮೇಷ್ಟ್ರು ಬೇಕಿಲ್ಲ. ಮೊದಲು ಬರಿ ನೊಗ, ನಂತರ ಹಗುರ ಕೊರಡು, ಅರ್ಧ ತಾಸು ಸಾಕು. ಎಡಗೋಲಿಗೆ ಕಲಿತದ್ದನ್ನು ಎಡಗೋಲಿಗೇ ಹೂಡಿ. ಮೂರು ವರ್ಷ ತುಂಬುವವರೆಗೆ ಭಾರದ ಬೇಸಾಯ ಬೇಡ. ಟಾರು ರಸ್ತೆಯಲ್ಲಿ ಗಾಡಿ ಹೊಡೆಯುವುದಾದರೆ ಲಾಳ ಹೊಡೆಸಲೇಬೇಕು.

ಸಿಗುವುದೇನು?

ಟ್ರ್ಯಾಕ್ಟರ್ ಕಾಲದಲ್ಲಿ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ನಾಲ್ಕೈದು ಎಕರೆ ಇರುವವನಿಗೆ ಉತ್ತರ ಹೊಲದಲ್ಲೇ ಇದೆ. ಹದ ಮಳೆ ಬಿದ್ದಾಗ ಎಲ್ಲರಿಗೂ ಒಂದೇ ದಿನ ಟ್ರ್ಯಾಕ್ಟರ್ ಬೇಕು. ಹಟ್ಟಿಯಲ್ಲಿ ಎತ್ತಿದ್ದವನು ಯಾರನ್ನೂ ಕಾಯಬೇಕಿಲ್ಲ. ರಾಗಿ, ಮೆಕ್ಕೆಜೋಳದ ಸಾಲಿನಲ್ಲಿ ಕುಂಟೆ ಹೊಡೆಯುವುದು ಎತ್ತಿನ ಕೆಲಸವೇ. ತೋಟಕ್ಕೆ ವರ್ಷವಿಡೀ ಗೊಬ್ಬರ. ಎಕರೆ ಒಂದೇ ಇದ್ದು, ವರ್ಷಕ್ಕೆ ಹತ್ತು ದಿನ ಮಾತ್ರ ಕೆಲಸವಿದ್ದರೆ ಬಾಡಿಗೆ ಎತ್ತೇ ಲೇಸು. ಮರ್ಯಾದೆಗೋಸ್ಕರ ಕಟ್ಟುವುದು ಬೇಡ.

ಇನ್ನೊಂದು ಮಾತು. ಕಾವಲುಗಳು ಕುಗ್ಗಿವೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರ ಸುತ್ತಿನ ದೊಡ್ಡ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ಕೊಳ್ಳುವ ರೈತ ಇಲ್ಲದಿದ್ದರೆ ಹೋರಿಕರುವಿಗೆ ಬೆಲೆಯಿಲ್ಲ. ಬೆಲೆಯಿಲ್ಲದ ತಳಿಯನ್ನು ಸರ್ಕಾರವಾದರೂ ಎಷ್ಟು ದಿನ ಸಾಕೀತು?

ಮೈಮುಟ್ಟಲು ಬಿಡದ ಕರು ಒಂದು ದಿನ ನಿಮ್ಮ ದನಿ ಕೇಳಿ ಕಿವಿ ನಿಮಿರಿಸಿ ಕತ್ತು ಚಾಚುತ್ತದೆ. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಹಚ್ಚುವಾಗ ತಲೆ ತಗ್ಗಿಸಿ ನಿಲ್ಲುತ್ತದೆ. ಆ ಖುಷಿ ದುಡ್ಡು ಕೊಟ್ಟರೆ ಬರುವುದಿಲ್ಲ, ದಿನಾ ಎರಡು ಹೊತ್ತು ಕೊಟ್ಟರೆ ಬರುತ್ತದೆ.