ಕೈಗೆ ಬ್ಯಾಂಡ್ ಕಟ್ಟಿಕೊಂಡರೆ ಗಾಲ್ಫ್ ಚೆಂಡು ದೂರ ಹೋಗುತ್ತದೆಯೇ?

ಕಳೆದ ವರ್ಷ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಒಬ್ಬರು ಕೈ ಚಾಚಿ ಒಂಟಿ ಕಾಲಲ್ಲಿ ನಿಂತಿದ್ದಾರೆ. ಇನ್ನೊಬ್ಬರು ಆ ಕೈಯನ್ನು ಕೆಳಗೆ ಒತ್ತುತ್ತಾರೆ, ನಿಂತವರು ವಾಲಿಬಿಡುತ್ತಾರೆ. ಆಮೇಲೆ ಕೈಗೆ ಒಂದು ರಬ್ಬರ್ ಬ್ಯಾಂಡ್ ತೊಡಿಸಿ ಮತ್ತೆ ಒತ್ತುತ್ತಾರೆ, ಈ ಸಲ ಅವರು ಅಲ್ಲಾಡುವುದೇ ಇಲ್ಲ! "ಈ ಬ್ಯಾಂಡ್ ಹಾಕಿ, ಗಾಲ್ಫ್ ಸ್ವಿಂಗ್‌ನ ಶಕ್ತಿ ಹೆಚ್ಚಿಸಿಕೊಳ್ಳಿ" ಎಂಬ ಸಾಲು ಅದರ ಕೆಳಗಿತ್ತು.

ಕಳಿಸಿದವರು ನಮ್ಮ ಚಿಕ್ಕಪ್ಪ. ನಿವೃತ್ತರಾದ ಮೇಲೆ ಗೆಳೆಯರ ಜೊತೆ ಗಾಲ್ಫ್ ಕಲಿಯಲು ಹೋಗುತ್ತಿದ್ದರು. ಬ್ಯಾಂಡ್ ತರಿಸಿಕೊಂಡರು. ಈಗ ಬಲ ಬಂದಿದೆ ಎಂಬ ಧೈರ್ಯದಲ್ಲಿ ಜೋರಾಗಿ ಬೀಸಿದರು. ಸೊಂಟ ಹಿಡಿದುಕೊಂಡು ಮೂರು ವಾರ ಮನೆಯಲ್ಲಿ ಮಲಗಿದರು.

ನೀವು ಗಾಲ್ಫ್ ಆಡದಿದ್ದರೂ ಇದನ್ನು ಓದಿ. ಮಂಡಿನೋವು, ಸುಸ್ತು, ನಿದ್ರಾಹೀನತೆಗೆಂದು ಬಳೆ, ಉಂಗುರ ಮಾರುವವರೂ ಇದೇ ಪರೀಕ್ಷೆ ತೋರಿಸುತ್ತಾರೆ.

ಒಂಟಿ ಕಾಲಿನ ಪರೀಕ್ಷೆಯಲ್ಲಿ ಏನಾಗುತ್ತದೆ?

ಗುಟ್ಟು ಬ್ಯಾಂಡಿನಲ್ಲಿಲ್ಲ, ಒತ್ತುವ ದಿಕ್ಕಿನಲ್ಲಿದೆ. ಮೊದಲ ಸಲ ಕೈಯನ್ನು ಕೆಳಕ್ಕೆ ಒತ್ತುವಾಗ ಸ್ವಲ್ಪ ಹೊರಗೆ, ಅಂದರೆ ದೇಹದಿಂದ ಆಚೆಗೆ ಎಳೆದರೆ ಯಾರೇ ಆದರೂ ವಾಲುತ್ತಾರೆ. ಎರಡನೇ ಸಲ ಒತ್ತಡವನ್ನು ಸ್ವಲ್ಪ ಒಳಗೆ, ದೇಹದ ಕಡೆಗೆ ಕೊಟ್ಟರೆ ಗಟ್ಟಿಯಾಗಿ ನಿಲ್ಲುತ್ತಾರೆ. ನೋಡುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ಜೊತೆಗೆ, ಎರಡನೇ ಸಲ ಒತ್ತಡ ಬರುತ್ತದೆಂದು ಗೊತ್ತಿರುವುದರಿಂದ ದೇಹ ಮೊದಲೇ ಸಿದ್ಧವಾಗಿರುತ್ತದೆ.

ಮನೆಯಲ್ಲೇ ಪರೀಕ್ಷಿಸಿ. ಒಂದು ನಾಣ್ಯವನ್ನು ಕಾಗದದಲ್ಲಿ ಸುತ್ತಿ, ಇನ್ನೊಂದು ಕಾಗದವನ್ನು ಖಾಲಿ ಸುತ್ತಿ. ನಿಂತವರಿಗೂ ಒತ್ತುವವರಿಗೂ ಯಾವುದರಲ್ಲಿ ನಾಣ್ಯವಿದೆ ಎಂದು ಗೊತ್ತಿರಬಾರದು. ಹತ್ತು ಸಲ ಮಾಡಿ, ಪ್ರತಿ ಸಲ ಫಲಿತಾಂಶ ಬರೆದಿಡಿ. ನಾಣ್ಯದ ಜಾಗದಲ್ಲಿ ಬ್ಯಾಂಡ್ ಇಟ್ಟೂ ನೋಡಬಹುದು. 'ಪವಾಡ' ಮಾಯವಾಗುತ್ತದೆ.

ಇಂಥ ಬ್ಯಾಂಡ್‌ಗಳಲ್ಲಿ ಜಗತ್ತಿನಾದ್ಯಂತ ಹೆಸರು ಮಾಡಿದ್ದು 'ಪವರ್ ಬ್ಯಾಲೆನ್ಸ್'. ಆಸ್ಟ್ರೇಲಿಯಾದ ಗ್ರಾಹಕ ಸಂರಕ್ಷಣಾ ಆಯೋಗ ಪ್ರಶ್ನಿಸಿದ ಮೇಲೆ, 2010ರ ಡಿಸೆಂಬರ್‌ನಲ್ಲಿ ಅದರ ಅಲ್ಲಿನ ಕಂಪನಿಯೇ ತನ್ನ ಹೇಳಿಕೆಗಳಿಗೆ ನಂಬಲರ್ಹ ವೈಜ್ಞಾನಿಕ ಆಧಾರ ಇಲ್ಲ ಎಂದು ಒಪ್ಪಿಕೊಂಡು, ಗ್ರಾಹಕರಿಗೆ ಹಣ ಹಿಂತಿರುಗಿಸಲು ಮುಂದಾಯಿತು.

ಹಾಗಾದರೆ ಶಕ್ತಿ ಎಲ್ಲಿಂದ ಬರುತ್ತದೆ?

ಕಲ್ಲಿನ ಮೇಲೆ ಬಟ್ಟೆ ಒಗೆಯುವವರನ್ನು ನೆನಪಿಸಿಕೊಳ್ಳಿ. ಬರೀ ತೋಳಿನಿಂದ ಬಡಿದರೆ ಐದು ನಿಮಿಷಕ್ಕೆ ಕೈ ಸೋಲುತ್ತದೆ. ರೂಢಿಯಿರುವವರು ಕಾಲೂರಿ, ಸೊಂಟದಿಂದ ಶುರುಮಾಡಿ, ಬೆನ್ನು, ಭುಜ, ಕೈ ಎಂದು ವೇಗವನ್ನು ಸಾಗಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚು ವೇಗ ಸಿಗುವುದು ಬಟ್ಟೆಯ ತುದಿಗೆ.

ಗಾಲ್ಫ್ ಸ್ವಿಂಗ್ ಕೂಡ ಹೀಗೆಯೇ. ಕೋಲನ್ನು ಹಿಂದಕ್ಕೆ ಎತ್ತಿ ಕೆಳಗೆ ತರುವಾಗ ಮೊದಲು ಸೊಂಟ ತಿರುಗಬೇಕು, ನಂತರ ಎದೆ, ಆಮೇಲೆ ತೋಳು, ಕೊನೆಗೆ ಕೋಲು. ಹೊಸಬರು ಈ ಕ್ರಮ ಬಿಟ್ಟು ಮೊದಲೇ ತೋಳಿನಿಂದ ಹೊಡೆಯುತ್ತಾರೆ. ಕೋಲನ್ನು ಬಿಗಿಯಾಗಿ ಹಿಡಿದರೆ ಮಣಿಕಟ್ಟು ಸಲೀಸಾಗಿ ತಿರುಗುವುದಿಲ್ಲ, ವೇಗ ಇನ್ನಷ್ಟು ತಗ್ಗುತ್ತದೆ.

ಸ್ನಾಯುಬಲ ಬೇಡವೇ ಬೇಡ ಎಂದಲ್ಲ. ಅಮೆರಿಕದ ಬ್ರೈಸನ್ ಡಿಶಾಂಬೊ ವ್ಯಾಯಾಮದಿಂದ ಮೈಕಟ್ಟು ಬೆಳೆಸಿ, ದೂರ ಹೊಡೆಯುವುದನ್ನೇ ಅಸ್ತ್ರವಾಗಿಸಿ 2020ರ ಯುಎಸ್ ಓಪನ್ ಗೆದ್ದರು. ಆದರೆ ಅದರ ಹಿಂದೆ ತಿಂಗಳುಗಟ್ಟಲೆ ತರಬೇತಿ ಇತ್ತು.

ಜೋರಿಗಿಂತ ಗುರಿ ಮುಖ್ಯ

ನಿಯಮದ ಪ್ರಕಾರ ಗಾಲ್ಫ್ ಚೆಂಡು 45.93 ಗ್ರಾಂ ಮೀರುವಂತಿಲ್ಲ. ದೂರ ಹೊಡೆಯುವ 'ಡ್ರೈವರ್' ಕೋಲಿನ ತಲೆಯ ತೂಕ ಸುಮಾರು 200 ಗ್ರಾಂ. ಇವೆರಡೂ ತಾಗಿಕೊಂಡಿರುವುದು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಭಾಗ ಮಾತ್ರ. ಅಷ್ಟರಲ್ಲೇ ಎಲ್ಲ ತೀರ್ಮಾನವಾಗಿರುತ್ತದೆ.

ಚೆಂಡು ಕೋಲಿನ ತಲೆಯ ನಟ್ಟನಡುವೆ ತಾಗಿದರೆ, ಕೋಲಿನ ವೇಗದ ಸುಮಾರು ಒಂದೂವರೆ ಪಟ್ಟು ವೇಗದಲ್ಲಿ ಹೊರಡುತ್ತದೆ. ಕೋಲು ಗಂಟೆಗೆ 150 ಕಿ.ಮೀ. ಇದ್ದರೆ ಚೆಂಡು 225 ಕಿ.ಮೀ. ಅಂಚಿಗೆ ತಾಗಿ ಈ ಲೆಕ್ಕ 1.35 ಪಟ್ಟಿಗೆ ಇಳಿಯಿತು ಎನ್ನೋಣ. ಆಗ ಚೆಂಡಿಗೆ ಸಿಗುವುದು ಸುಮಾರು 202 ಕಿ.ಮೀ. ಮಾತ್ರ. ಈ ನಷ್ಟ ತುಂಬಲು ಕೋಲನ್ನು 167 ಕಿ.ಮೀ. ವೇಗದಲ್ಲಿ ಬೀಸಬೇಕು! ನಡುಭಾಗಕ್ಕೆ ತಾಗಿಸುವುದನ್ನು ಕಲಿತರೆ ಬೆನ್ನಿಗೆ ಆ ಹೊರೆಯೇ ಬೇಡ.

ದಿಕ್ಕಿನದೂ ಇದೇ ಕಥೆ. ಚೆಂಡು ಒಂದೇ ಒಂದು ಡಿಗ್ರಿ ಓರೆಯಾಗಿ ಹೊರಟರೆ 200 ಮೀಟರ್ ದೂರದಲ್ಲಿ ಮೂರೂವರೆ ಮೀಟರ್ ಪಕ್ಕಕ್ಕೆ ಬೀಳುತ್ತದೆ. ಮೂರು ಡಿಗ್ರಿಯಾದರೆ ಹತ್ತು ಮೀಟರ್‌ಗೂ ಹೆಚ್ಚು.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರೇ ಇದಕ್ಕೆ ಒಳ್ಳೆಯ ಉದಾಹರಣೆ. ದೊಡ್ಡ ಹೊಡೆತಕ್ಕೆ ಹೆಸರಾದವರಲ್ಲ ಅವರು. ಆದರೂ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತಮಗಿಂತ ಎಷ್ಟೋ ದೂರ ಹೊಡೆಯುವವರನ್ನು ಹಿಂದಿಕ್ಕಿ ನಾಲ್ಕನೇ ಸ್ಥಾನ ಪಡೆದರು. ಕಂಚಿನ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ.

ಏನು ಮಾಡಬಹುದು?

• ಆಡುವ ಮುಂಚೆ ಹತ್ತು ನಿಮಿಷ ನಡೆದು, ಸೊಂಟ, ಭುಜ ಸಡಿಲಿಸಿಕೊಳ್ಳಿ.

• ಪೂರ್ತಿ ಬಲ ಹಾಕಬೇಡಿ. ಮುಕ್ಕಾಲು ಬಲದಲ್ಲಿ, ಸ್ವಿಂಗ್ ಮುಗಿದ ಮೇಲೂ ವಾಲದೆ ನಿಲ್ಲುವಂತೆ ಅಭ್ಯಾಸ ಮಾಡಿ.

• ಚೆಂಡಿನ ಹಿಂಬದಿಗೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ಚುಕ್ಕೆ ಇಡಿ. ಹೊಡೆದ ಮೇಲೆ ಕೋಲಿನ ಮೇಲೆ ಗುರುತು ಎಲ್ಲಿ ಬಿದ್ದಿದೆ ನೋಡಿ. ನಡುವಿಗೆ ಬೀಳುವ ತನಕ ವೇಗ ಹೆಚ್ಚಿಸಬೇಡಿ.

• ಸೊಂಟನೋವು ಬಂದರೆ ಆಟ ನಿಲ್ಲಿಸಿ. ನೋವು ಕಾಲಿಗೆ ಇಳಿದರೆ ಅಥವಾ ಕಾಲು ಮರಗಟ್ಟಿದರೆ ವೈದ್ಯರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಚಿಕ್ಕಪ್ಪ ಈಗ ಮತ್ತೆ ಆಡುತ್ತಿದ್ದಾರೆ. ಮೊನ್ನೆ ಫೋನ್ ಮಾಡಿ, "ಚುಕ್ಕೆ ನಡುವಿಗೇ ಬಿತ್ತು ಕಣಮ್ಮಾ" ಎಂದರು. ಬ್ಯಾಂಡ್ ಎಲ್ಲಿ ಎಂದು ಕೇಳಿದೆ. ಚಿಕ್ಕಮ್ಮ ಅದನ್ನು ಹಿಟ್ಟಿನ ಡಬ್ಬದ ಮುಚ್ಚಳಕ್ಕೆ ಹಾಕಿದ್ದಾರಂತೆ.

ಆ ಒಂಟಿ ಕಾಲಿನ ವಿಡಿಯೋ ನಿಮ್ಮ ಗ್ರೂಪಿಗೂ ಬಂದರೆ, ಮುಂದಕ್ಕೆ ಕಳಿಸುವ ಮುನ್ನ ನಾಣ್ಯದ ಪರೀಕ್ಷೆ ಮಾಡಿ ನೋಡಿ.