ಆಟಕ್ಕುಂಟು, ಲೆಕ್ಕಕ್ಕಿಲ್ಲ

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಶುರುವಾಯಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ, ರಾಜ್ಯದ ಮೊದಲ 100 ಅಂಗನವಾಡಿಗಳು ತೆರೆದದ್ದು ಅಲ್ಲೇ. ಯೋಜನೆಯ ಆರು ಸೇವೆಗಳಲ್ಲಿ ಐದು ಅನ್ನ-ಆರೋಗ್ಯಕ್ಕೆ ಸೇರಿದವು. ಉಳಿದದ್ದು 3ರಿಂದ 6 ವರ್ಷದ ಮಕ್ಕಳಿಗೆ ಹಾಡು, ಕಥೆ, ಆಟಗಳ ಮೂಲಕ ಕೊಡುವ ಶಾಲಾಪೂರ್ವ ಶಿಕ್ಷಣ. ಮಗುವಿನ ತೂಕ ಪುಸ್ತಕಕ್ಕೇರುತ್ತದೆ, ಮೊಟ್ಟೆಗೆ ಲೆಕ್ಕ ಇರುತ್ತದೆ, ಚುಚ್ಚುಮದ್ದಿಗೆ ಕಾರ್ಡಿದೆ. ಮಗು ಇವತ್ತು ತನ್ನ ಪಾಡಿಗೆ ತಾನು ಎಷ್ಟು ಹೊತ್ತು ಆಡಿತು ಎಂದು ಯಾರೂ ಬರೆದುಕೊಳ್ಳುವುದಿಲ್ಲ.

ಪಕ್ಕದ ನಂಜನಗೂಡು ತಾಲ್ಲೂಕಿನ ತಾಂಡವಪುರಕ್ಕೆ ಬನ್ನಿ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿ ಇದೆ, ರೈಲು ನಿಲ್ದಾಣವಿದೆ, ಕೈಗಾರಿಕಾ ಪ್ರದೇಶವಿದೆ. ಇಂಥ ಊರುಗಳಲ್ಲಿ ಶಿಫ್ಟ್ ಮುಗಿಸಿ ಬಂದ ತಂದೆತಾಯಿಗೆ ಮಕ್ಕಳ ಓದಿನದೇ ಚಿಂತೆ. "ಮಿಸ್, ಆಟ ಮನೇಲೂ ಆಡ್ಕತ್ತವೆ, ನಾಲ್ಕಕ್ಷರ ಬರೆಯೋದು ಕಲ್ಸಿ" ಎಂಬ ಮಾತು ಅಂಗನವಾಡಿ ಕಾರ್ಯಕರ್ತೆಯರಿಗೆ ಹೊಸದಲ್ಲ. ಆ ತಾಯಿಯನ್ನು ದೂರುವ ಹಾಗೂ ಇಲ್ಲ. ಸಮವಸ್ತ್ರ ತೊಟ್ಟು ವ್ಯಾನ್ ಹತ್ತುವ ಪಕ್ಕದ ಮನೆಯ ಮಗು ಆಗಲೇ ಎ, ಬಿ, ಸಿ ಬರೆಯುತ್ತಿರುತ್ತದೆ. ಆದರೆ ಮನೆಯಲ್ಲಿ ಆಡಿಕೊಳ್ಳಲು ಜಾಗವೆಲ್ಲಿದೆ, ಜೊತೆಗಾರರು ಯಾರಿದ್ದಾರೆ? ಸಂಜೆ ಕೈಗೆ ಸಿಗುವುದು ಮೊಬೈಲು.

ಕುಂಟೆಬಿಲ್ಲೆಯನ್ನೇ ನೋಡಿ. ಹೆಂಚಿನ ಚೂರೊಂದು, ಮಣ್ಣಿನ ಮೇಲೆ ಕಡ್ಡಿಯಲ್ಲಿ ಎಳೆದ ಮನೆಗಳು, ನಾಲ್ಕು ಮಕ್ಕಳು. ಒಬ್ಬಳು ಕುಂಟುತ್ತ ಮೂರನೇ ಮನೆ ದಾಟುವಷ್ಟರಲ್ಲಿ ಕೂಗು ಏಳುತ್ತದೆ: "ಗೆರೆ ತುಳ್ದೆ, ಔಟು!" "ಎಲ್ ತುಳ್ದೆ? ನೋಡು, ಹೆಜ್ಜೆ ಈಚೆಗೈತೆ." "ದೇವ್ರಾಣೆ ಹೇಳು." ಎಲ್ಲರೂ ಬಗ್ಗಿ ಮಣ್ಣು ನೋಡುತ್ತಾರೆ. ಒಬ್ಬ ಮುನಿಸಿಕೊಂಡು ಹೊರಡುತ್ತಾನೆ. ಅವನು ಹೋದರೆ ಆಟವೇ ನಿಲ್ಲುತ್ತದೆಂದು ಇನ್ನೊಬ್ಬಳು ಕೈಹಿಡಿದು ಎಳೆತರುತ್ತಾಳೆ. "ಇದೊಂದ್ಸಲ ಬಿಟ್ಬುಡಿ" ಎಂಬ ರಾಜಿಯಾಗುತ್ತದೆ. ಅಕ್ಕನ ಲಂಗ ಹಿಡಿದು ನಿಂತ ಮೂರು ವರ್ಷದ ತಮ್ಮನೂ ಎರಡೂ ಕಾಲೂರಿ ಕುಪ್ಪಳಿಸುತ್ತಾನೆ. ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ; ಯಾರೂ ಅವನನ್ನು ಔಟು ಮಾಡುವುದಿಲ್ಲ. ಚಿಕ್ಕವರನ್ನು ಹೊರಗಿಡದೆ ಆಟವನ್ನೂ ಕೆಡಿಸಿಕೊಳ್ಳದ ಈ ಉಪಾಯವನ್ನು ಮಕ್ಕಳಿಗೆ ಹೇಳಿಕೊಟ್ಟ ಮೇಷ್ಟ್ರು ಯಾರೂ ಇಲ್ಲ.

ಒಂಟಿಕಾಲಿನ ಸಮತೋಲ, ಮನೆಗಳ ಎಣಿಕೆ ಇವೆಲ್ಲ ಸಿಕ್ಕೇ ಸಿಗುತ್ತವೆ. ನನ್ನ ಕೇಳಿದರೆ ಅಸಲು ಗಳಿಕೆ ಆ ಜಗಳವೇ. ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1933ರ ಉಪನ್ಯಾಸವೊಂದರಲ್ಲಿ ಇದಕ್ಕೆ ಹತ್ತಿರದ ಮಾತನ್ನು ಹೇಳಿದ್ದರು. ಓಡಬೇಕೆಂದು ಕಾಲು ತುಡಿಯುತ್ತಿದ್ದರೂ ಮಗು ತನ್ನ ಸರದಿಗೆ ಕಾಯುತ್ತದೆ. ಆಸೆಗಿಂತ ಆಟದ ಕಟ್ಟಳೆಯೇ ಅದಕ್ಕೆ ಹೆಚ್ಚು ಹಿತ ಕೊಡುತ್ತದೆ, ಮನಸ್ಸಿಗೆ ಹಿಡಿತ ಬರುವುದು ಹೀಗೆ. ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಸರ್ಜಿಯೊ ಪೆಲ್ಲಿಸ್ ಮತ್ತು ಸಂಗಡಿಗರು ಇಲಿಮರಿಗಳನ್ನು ಇಟ್ಟುಕೊಂಡು ಇನ್ನೊಂದು ದಿಕ್ಕಿನಿಂದ ಹುಡುಕಿದರು. ಕೆಲವು ಮರಿಗಳನ್ನು ಓರಗೆಯವರ ಜೊತೆ ಬಿಟ್ಟರು, ಕೆಲವನ್ನು ಆಟಕ್ಕೆ ಬಾರದ ದೊಡ್ಡ ಇಲಿಯೊಂದಿಗೆ ಮಾತ್ರ ಬೆಳೆಸಿದರು. ಎರಡೂ ಬಗೆಯ ಮರಿಗಳ ಮಿದುಳಿನ ಮುಂಭಾಗದ ನರಕೋಶಗಳು ಬೇರೆಬೇರೆಯಾಗಿ ಬೆಳೆದಿದ್ದವು. ಇಲಿ ಮನುಷ್ಯನಲ್ಲ, ನಿಜ. ಆದರೆ ಮನುಷ್ಯರಲ್ಲಿ ಎದುರಿನವರ ನಡೆ ನೋಡಿ ತನ್ನ ನಡೆ ತಿದ್ದಿಕೊಳ್ಳಲು ನೆರವಾಗುವುದೂ ಮಿದುಳಿನ ಈ ಭಾಗವೇ.

ಹಾಗಾದರೆ ಕರಾಟೆ ಕ್ಲಾಸು, ಕ್ರಿಕೆಟ್ ಕೋಚಿಂಗು, ಬೇಸಿಗೆ ಶಿಬಿರ ಸಾಲದೇ? ಅವು ಕೆಟ್ಟವಲ್ಲ. ಆದರೆ ಅಲ್ಲಿ ತಂಡ ಮಾಡುವವರು, ಔಟು ಕೊಡುವವರು, ಆಟ ನಿಲ್ಲಿಸುವವರು ಎಲ್ಲ ದೊಡ್ಡವರೇ. ಮಗುವಿಗೆ ಉಳಿಯುವುದು ಹೇಳಿದ್ದನ್ನು ಮಾಡುವ ಕೆಲಸ. ಫೀಸು ಕಟ್ಟಿ ಕಳಿಸುವ ಆಟ ಇನ್ನೊಂದು ಪೀರಿಯಡ್ ಅಷ್ಟೇ.

ಮೈಗೂ ಇದರ ಅಗತ್ಯವಿದೆ. 3-4 ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಮೈಯಾಡಿಸಬೇಕು, ಅದರಲ್ಲಿ 60 ನಿಮಿಷ ಜೋರಾಗಿಯೇ ಆಡಬೇಕು, ಪರದೆಯ ಮುಂದೆ ಒಂದು ತಾಸಿಗಿಂತ ಹೆಚ್ಚು ಕೂರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಬಯಲಿಗೆ ಬಿಟ್ಟರು. ಮೂರು ವರ್ಷಗಳಲ್ಲಿ ಅವರ ಪೈಕಿ ಶೇ. 30.4ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಬಂದರೆ, ಉಳಿದ ಶಾಲೆಗಳಲ್ಲಿ ಶೇ. 39.5ರಷ್ಟು ಮಕ್ಕಳಿಗೆ ಬಂತು. ಕನ್ನಡಕದ ಖರ್ಚು ಉಳಿಸುವ ಇಷ್ಟು ಅಗ್ಗದ ದಾರಿ ಬೇರೆ ಇದ್ದಂತಿಲ್ಲ.

ಆಟ ಮಗುವಿನ ಹಕ್ಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ಅದು ನಡೆಯಬೇಕಾದ್ದು ಊರಿನಲ್ಲಿ. ಹೊಲಗಳು ಸೈಟುಗಳಾಗುತ್ತಿರುವ ಕಡೆಗಳಲ್ಲಿ ಬಡಾವಣೆ ನಕ್ಷೆಯಲ್ಲಿ ಮಕ್ಕಳಿಗೆಂದು ಬಿಟ್ಟ ಜಾಗ ಹಾಗೇ ಉಳಿದಿದೆಯೇ ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ಅಲ್ಲಿ ಜಾರುಬಂಡೆ, ಉಯ್ಯಾಲೆ ಇಲ್ಲದಿದ್ದರೂ ಪರವಾಗಿಲ್ಲ. ಮುಳ್ಳು, ಗಾಜಿನ ಚೂರು ಆರಿಸಿ ತೆಗೆಸಿ, ಒಂದು ಮರ ನೆಡಿಸಿ. ಸಂಜೆ ಒಂದು ತಾಸು ಮಕ್ಕಳನ್ನು ಅಲ್ಲಿಗೆ ಬಿಡಿ, ಕಣ್ಣಳತೆಯಲ್ಲಿ ಕೂತಿರಿ. ಜಗಳ ಕೇಳಿಸಿದ ಕೂಡಲೇ ಪಂಚಾಯ್ತಿಗೆ ಹೋಗಬೇಡಿ. ಕೈ ಮಾಡುವ ಹಂತಕ್ಕೆ ಬಂದರೆ ಮಾತ್ರ ಏಳಿ.