ಪರದೆಗಿಂತ ಮೊದಲು ತಟ್ಟಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಚೆಗೆ ಎದ್ದ ತಾರಸಿ ಮನೆಗಳ ಕಿಟಕಿಗಳಿಗೆ ಒಂದೇ ಉಡುಪು. ಲಿಂಟಲ್‌ನಿಂದ ನೆಲ ಮುಟ್ಟುವವರೆಗೆ ದಪ್ಪ ಪಾಲಿಯೆಸ್ಟರ್ ಪರದೆ, ಅದರ ಬೆನ್ನಿಗೆ ಅಸ್ತರು, ಮೇಲೆ ಮಿರುಗುವ ಸ್ಟೀಲ್ ರಾಡು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಈ ಪರದೆಗೆ ಅರ್ಥವಿದೆ. ಎದುರು ಬಿಲ್ಡಿಂಗಿನವರ ಕಣ್ಣು, ರಾತ್ರಿಯಿಡೀ ಉರಿಯುವ ಬೀದಿದೀಪ, ರಸ್ತೆಯ ಧೂಳು ಎಲ್ಲವನ್ನೂ ಅದು ತಡೆಯಬೇಕು. ಮಲೆನಾಡಿನ ಕಿಟಕಿಯ ಕಷ್ಟ ಬೇರೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆ ನಾಲ್ಕು ತಿಂಗಳು ಇಲ್ಲಿನ ಕಿಟಕಿ ಎರಚಲನ್ನು ಹೊರಗಿಡಬೇಕು, ಇರುವ ಅಲ್ಪ ಬೆಳಕನ್ನು ಒಳಬಿಡಬೇಕು, ಗಾಳಿಯನ್ನು ನಿಲ್ಲಗೊಡಬಾರದು. ನೆಲ ಮುಟ್ಟುವ ದಪ್ಪ ಪರದೆ ಇದರಲ್ಲಿ ಒಂದನ್ನೂ ಮಾಡುವುದಿಲ್ಲ. ನೀರನ್ನು ತಡೆಯುವ ಬದಲು ತಾನೇ ಕುಡಿಯುತ್ತದೆ, ಬೆಳಕನ್ನು ನುಂಗುತ್ತದೆ, ಶ್ರಾವಣ ಬರುವಷ್ಟರಲ್ಲಿ ಮುಗ್ಗಲು ವಾಸನೆ ಹೊಡೆಯುತ್ತದೆ. ಕಿಟಕಿಯ ಕೆಲಸವನ್ನು ಎರಡು ಪಾಲು ಮಾಡಿ, ನೀರು ಬಿಸಿಲುಗಳ ಪಾಲನ್ನು ಗೋಡೆಯ ಆಚೆಗೇ ಮುಗಿಸಿ, ಒಳಗೆ ತೆಳ್ಳನೆಯ ಗಿಡ್ಡ ಬಟ್ಟೆಯೊಂದನ್ನು ಇಳಿಬಿಡುವುದು ಈ ನೆಲಕ್ಕೆ ಸರಿಯಾದ ಕ್ರಮ. ಖರ್ಚೂ ಅದರಲ್ಲೇ ಕಡಿಮೆ.

ಹೊರಗಿನ ಪಾಲನ್ನು ಇಲ್ಲಿ ತಲೆಮಾರುಗಳಿಂದ ನೋಡಿಕೊಂಡು ಬಂದದ್ದು ತಟ್ಟಿ. ಹಳೆಯ ಮನೆಗಳ ಹೊರಗೋಡೆಯ ಕಿಟಕಿಗಳು ಚಿಕ್ಕವು. ಕುಪ್ಪಳಿಯಲ್ಲಿ ಈಗ ಸ್ಮಾರಕವಾಗಿರುವ ಕುವೆಂಪು ಅವರ ಮನೆಯಂಥ ತೊಟ್ಟಿಮನೆಗಳಲ್ಲಿ ಬೆಳಕು ನಡುವಿನ ಅಂಗಳದಿಂದ ಬರುತ್ತಿತ್ತು, ಇಳಿಮಾಡು ಗೋಡೆಯನ್ನು ಬಹುಮಟ್ಟಿಗೆ ಕಾಯುತ್ತಿತ್ತು. ಮಾಡಿಗೂ ಮೀರಿದ ಎರಚಲು ಜಗಲಿಗೆ, ಗೋಡೆಗೆ ಬಡಿಯದಂತೆ ಮಳೆಗಾಲಕ್ಕೆ ಮುನ್ನ ತಟ್ಟಿ ಕಟ್ಟುತ್ತಿದ್ದರು. ಮುರಿದುಬಿದ್ದ ಅಡಿಕೆ ಮರವನ್ನು ಉದ್ದಕ್ಕೆ ಸೀಳಿದ ದಬ್ಬೆ ಅದರ ಚೌಕಟ್ಟು. ಅದರ ಮೇಲೆ ತೋಟದಲ್ಲೇ ಉದುರಿ ಒಣಗಿದ ಸೋಗೆಯನ್ನು ತುದಿ ಕೆಳಗಾಗಿ ಸಾಲುಸಾಲಾಗಿ ಹಾಸುತ್ತಾರೆ. ಕೆಳಗಿನ ಸಾಲು ಮೊದಲು, ಮೇಲಿನದು ಆಮೇಲೆ. ಹೆಂಚು ಹೊದಿಸಿದ ಹಾಗೆ ಮೇಲಿನ ಸಾಲು ಕೆಳಗಿನದರ ತಲೆಯ ಮೇಲೆ ಕೂರುವುದರಿಂದ ನೀರು ಎಳೆಯಿಂದ ಎಳೆಗೆ ಜಾರಿ ನೆಲಕ್ಕೆ ಇಳಿಯುತ್ತದೆ, ಒಳಕ್ಕೆ ದಾರಿ ಸಿಗುವುದಿಲ್ಲ. ಮೇಲೊಂದು ತೆಳು ದಬ್ಬೆ ಅದುಮಿ ಹಗ್ಗದಿಂದ ಬಿಗಿದರೆ ಮುಗಿಯಿತು. ಮಳೆ ಹೋದ ಮೇಲೆ ಬಿಚ್ಚಿದ ಸೋಗೆ ಮತ್ತೆ ತೋಟಕ್ಕೇ ಗೊಬ್ಬರ. ಅಡಿಕೆ ತೋಟ ಇದ್ದವರಿಗೆ ಇದಕ್ಕೆ ಕೂಲಿ ಬಿಟ್ಟರೆ ಬೇರೆ ಖರ್ಚೇ ಇರಲಿಲ್ಲ.

ತಡೆ ಹೊರಗೇ ಇರಬೇಕು ಎಂಬುದು ಹಳೆಯದರ ಮೇಲಿನ ಮೋಹದ ಮಾತಲ್ಲ. ಗಾಜು ದಾಟಿ ಬಂದ ಬಿಸಿಲನ್ನು ಒಳಗಿನ ಪರದೆ ಹೀರಿಕೊಂಡರೂ ಆ ಕಾವನ್ನು ಬಿಡುವುದು ಕೋಣೆಯೊಳಕ್ಕೇ. ಗಾಜಿಗೆ ಬೀಳುವ ಮುನ್ನ ತಡೆದರೆ ಕಾವು ಹೊರಗೇ ಉಳಿಯುತ್ತದೆ. ನೀರಿನ ಲೆಕ್ಕ ಇನ್ನೂ ಸರಳ. ಚೌಕಟ್ಟಿನ ಸಂದಿಗೆ ಒಮ್ಮೆ ಇಳಿದ ನೀರಿಗೆ ಒಳಗಿನ ಯಾವ ಬಟ್ಟೆಯೂ ಉತ್ತರವಲ್ಲ. ಉತ್ತರ ಭಾರತದ ಬಿದಿರಿನ ಚಿಕ್, ಜಪಾನಿನ ಸುದಾರೆಗಳನ್ನು ಜಗಲಿಯ ಅಂಚಿಗೆ, ಕಿಟಕಿಯ ಹೊರಕ್ಕೆ ತೂಗುಬಿಡುವುದೂ ಇದೇ ತಿಳಿವಳಿಕೆಯಿಂದ. ಹಾಗೆಂದು ಬೇರೆ ಸೀಮೆಯದೆಲ್ಲ ಇಲ್ಲಿಗೆ ಒಗ್ಗುವುದಿಲ್ಲ. ನೀರು ಚಿಮುಕಿಸಿ ತಂಪು ಪಡೆಯುವ ಲಾವಂಚದ ತಟ್ಟಿ ಬಳ್ಳಾರಿ, ರಾಯಚೂರಿನ ಒಣ ಬಿಸಿಲಿಗೆ ಹೇಳಿಮಾಡಿಸಿದ್ದು, ಏಕೆಂದರೆ ಅಲ್ಲಿ ನೀರು ಬೇಗ ಆವಿಯಾಗುತ್ತದೆ. ಗಾಳಿಯೇ ನೀರು ಹೊತ್ತಿರುವ ಹುಲಿಕಲ್ಲು, ಮಾಸ್ತಿಕಟ್ಟೆಯಲ್ಲಿ ಅದನ್ನು ಕಟ್ಟಿದರೆ ಪರಿಮಳದ ಜೊತೆಗೆ ಬೂಸಲೂ ಸಿಗುತ್ತದೆ.

ತಟ್ಟಿಯ ಮಾತೆತ್ತಿದ ಕೂಡಲೇ ಎದುರಾಗುವ ಆಕ್ಷೇಪಗಳು ಹಗುರವಲ್ಲ. ಕಟ್ಟುವವರು ಸಿಗುವುದಿಲ್ಲ, ಪ್ರತಿ ವರ್ಷ ಹೊಸದು ಬೇಕು, ಮನೆ ಕತ್ತಲಾಗುತ್ತದೆ, ನೋಡಿದವರು ಕೊಟ್ಟಿಗೆ ಅಂದಾರು. ಕೂಲಿಯಾಳಿನ ಬರ ನಿಜ. ನೀಲಿ ಟಾರ್ಪಾಲು, ಹಸಿರು ನೆರಳುಬಲೆ ತಟ್ಟಿಯ ಜಾಗಕ್ಕೆ ಬಂದದ್ದೂ ಅದಕ್ಕೇ. ಆದರೆ ಟಾರ್ಪಾಲು ಗಾಳಿಯನ್ನೂ ಕಟ್ಟಿಹಾಕುತ್ತದೆ, ಬಿಸಿಲಿಗೆ ಪುಡಿಯಾಗಿ ಚೂರುಗಳು ತೋಟ ಸೇರುತ್ತವೆ. ನೆರಳುಬಲೆ ಬಿಸಿಲಿಗೆ ಸರಿ, ಮಳೆಯ ಹೊಡೆತವನ್ನು ಅರ್ಧ ಮಾತ್ರ ಮುರಿಯುತ್ತದೆ. ಇಲ್ಲಿ ಒಂದು ವಿವೇಕ ಬೇಕು. ಇಡೀ ಮನೆಗೆ ತಟ್ಟಿ ಕಟ್ಟುವ ಕಾಲ ಹೋಯಿತು, ಹೋಗಲಿ. ನೈರುತ್ಯದ ಗಾಳಿಯ ಜೊತೆ ಬರುವ ಮಳೆ ಹೊಡೆಯುವುದು ಮುಖ್ಯವಾಗಿ ತೆಂಕಣ, ಪಡುವಣ ಗೋಡೆಗಳಿಗೆ. ಆ ಕಡೆಯ ಎರಡು ಮೂರು ಕಿಟಕಿಗೆ ಕಿಟಕಿಯ ಅಳತೆಯದೇ ಸಣ್ಣ ತಟ್ಟಿ ಸಾಕು. ಅದರ ಮೇಲಂಚನ್ನು ಕೊಂಡಿಗೆ ಕಟ್ಟಿ, ಕೆಳಗಿನ ಅಂಚಿಗೆ ಕೋಲು ಕೊಟ್ಟು ಹೊರಕ್ಕೆ ಎತ್ತಿ ನಿಲ್ಲಿಸಿದರೆ ನೀರು ಆಚೆ ಜಾರುತ್ತದೆ, ಬೆಳಕು ಗಾಳಿ ಕೆಳಗಿನಿಂದ ಬರುತ್ತವೆ. ಕತ್ತಲಿನ ದೂರು ಅಲ್ಲಿಗೆ ತೀರಿತು. ದಬ್ಬೆಯ ಚೌಕಟ್ಟನ್ನು ಬೇಸಿಗೆಯಲ್ಲಿ ಅಟ್ಟದಲ್ಲಿಟ್ಟು ಸೋಗೆ ಮಾತ್ರ ಬದಲಿಸಿದರೆ ಕೆಲಸವೂ ಕಡಿಮೆ. ಇನ್ನು ಅಂದದ ಪ್ರಶ್ನೆ: ರೆಸಾರ್ಟುಗಳು ದುಡ್ಡು ಕೊಟ್ಟು ಕಟ್ಟಿಸಿಕೊಳ್ಳುವ ಸೋಗೆ ಮಾಡು ಅಲ್ಲಿ ಚಂದ, ಮನೆಯಲ್ಲಿ ಕೊಟ್ಟಿಗೆ ಅನ್ನುವ ವಾದಕ್ಕೆ ಉತ್ತರ ಬೇಕಿಲ್ಲ.

ಹೊರಗಿನ ಕೆಲಸ ಮುಗಿದರೆ ಒಳಗಿನ ಪರದೆಗೆ ಉಳಿಯುವುದು ಮರೆ ಮತ್ತು ಅಂದ, ಎರಡೇ. ಅದಕ್ಕೆ ನಮ್ಮ ಮನೆಗಳಲ್ಲಿ ಸ್ಪ್ರಿಂಗ್ ವೈರಿಗೆ ಪೋಣಿಸಿ ಕಿಟಕಿಯ ಕೆಳಗಿನ ಅರ್ಧಕ್ಕೆ ಕಟ್ಟುತ್ತಿದ್ದ ಅರ್ಧ ಪರದೆಗಿಂತ ಜಾಣ ಉಪಾಯ ಇನ್ನೂ ಬಂದಿಲ್ಲ. ಹೊರಗಿನವರ ಕಣ್ಣಿಗೆ ಕೆಳಗೆ ಮರೆ, ಆಕಾಶದ ಬೆಳಕಿಗೆ ಮೇಲೆ ದಾರಿ. ಅದನ್ನು ಬಡವರ ಮನೆಯ ಗುರುತು ಎಂದು ಕಿತ್ತುಹಾಕಿದ್ದು ದುಡುಕು. ಪೂರ್ತಿ ಪರದೆಯೇ ಬೇಕೆಂದರೂ ಬೀರುವಿನ ತಳದಲ್ಲಿರುವ ಹತ್ತಿ ಸೀರೆಯನ್ನೇ ನೋಡಬಹುದು. ಐದೂವರೆ ಮೀಟರಿನ ಸೀರೆಯನ್ನು ಅಡ್ಡಕ್ಕೆ ನಾಲ್ಕು ತುಂಡು ಮಾಡಿದರೆ ಒಂದೊಂದೂ ಸುಮಾರು 54 ಇಂಚು ಉದ್ದ. ನಾಲ್ಕಡಿ ಎತ್ತರದ ಕಿಟಕಿಗೆ ಮಡಿಕೆ ಕಳೆದು ಸರಿಯಾಗಿ ಕೂರುತ್ತದೆ. ಸೀರೆಯ ಪನ್ನ ಸುಮಾರು 45 ಇಂಚು ಇರುವುದರಿಂದ ನಾಲ್ಕಡಿ ಅಗಲಕ್ಕೆ ಎರಡು ತುಂಡು ಹಾಕಿದರೆ ಬೇಕಾದಷ್ಟು ನೆರಿಗೆ ಬರುತ್ತದೆ, ಅಂದರೆ ಒಂದು ಸೀರೆ ಎರಡು ಕಿಟಕಿಗೆ ಆಯಿತು. ಅಂಚು ಎರಡೂ ಪಕ್ಕದಲ್ಲಿ ನೆಟ್ಟಗೆ ಇಳಿಯುತ್ತದೆ; ಆ ಪಕ್ಕಗಳು ಮಗ್ಗದಲ್ಲೇ ಮುಗಿದಿರುವುದರಿಂದ ಹೊಲಿಯಬೇಕಾದ್ದು ಮೇಲೆ ಮತ್ತು ಕೆಳಗೆ ಮಾತ್ರ. ಸೆರಗಿನ ತುಂಡು ಒಂದೇ ಇರುತ್ತದೆ, ಜೋಡಿ ಹೊಂದುವುದಿಲ್ಲ ಎನ್ನುವವರು ಹೊಂದದೆ ಇರುವುದೇ ಚಂದ ಎಂದುಕೊಳ್ಳಬೇಕು.

ಹೊಸ ಬಟ್ಟೆಯೇ ಬೇಕೆನ್ನುವವರಿಗೆ ಸಾಗರ ತಾಲ್ಲೂಕಿನಲ್ಲೇ ಮಗ್ಗವಿದೆ. ನೀನಾಸಂನಿಂದ ಹೆಸರಾದ ಹೆಗ್ಗೋಡಿನ ಪಕ್ಕ, ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳ್ತನದಲ್ಲಿ 1990ರ ದಶಕದಲ್ಲಿ ಆರಂಭವಾದ ಚರಕ ಮಹಿಳಾ ಸಹಕಾರ ಸಂಘ ಹಳ್ಳಿಯ ಹೆಂಗಸರಿಂದಲೇ ನೂಲಿಗೆ ಬಣ್ಣ ಹಾಕಿಸಿ, ನೇಯಿಸಿ, ಹೊಲಿಸುತ್ತದೆ. ಮಾರಾಟ ‘ದೇಸಿ’ ಹೆಸರಿನ ಅಂಗಡಿಗಳಲ್ಲಿ. ಈ ಬಟ್ಟೆಯ ಒಂದು ಬಣ್ಣ ಅಡಿಕೆ ಸೀಮೆಯದೇ. ಎಳೆ ಅಡಿಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಗಂದು ಮಂದ ರಸ ಚೊಗರು. ಬೆಳೆಗಾರರು ಅದನ್ನು ಅಡಿಕೆಗೇ ಬಣ್ಣ ಕಟ್ಟಲು ಬಳಸುತ್ತಾರೆ. ಅದರಲ್ಲಿರುವ ಒಗರು ಹತ್ತಿಯ ಎಳೆಗೂ ಚೆನ್ನಾಗಿ ಹತ್ತುತ್ತದೆ, ಕಬ್ಬಿಣ ಸೋಕಿಸಿದರೆ ಕಪ್ಪಿಗೆ ತಿರುಗುತ್ತದೆ. ಮಳೆಗಾಲದ ಬೂದು ಬೆಳಕಿನಲ್ಲಿ ಕೋಣೆಗೆ ಬೆಚ್ಚನೆಯ ಬಣ್ಣ ಕೊಡುವ ಬಟ್ಟೆ ಬೇಕಾದರೆ ಈ ಚೊಗರು ಕೆಂಪಿಗೆ ಸಾಟಿಯಿಲ್ಲ.

ಇಲ್ಲಿ ಬೆಲೆಯ ತಕರಾರು ಬರುತ್ತದೆ, ಬರಲೇಬೇಕು. ಮೀಟರಿಗೆ ಮೀಟರು ಹೋಲಿಸಿದರೆ ಕೈಮಗ್ಗ ಪಾಲಿಯೆಸ್ಟರಿಗಿಂತ ತುಟ್ಟಿ. ಹಾಗಿದ್ದೂ ನೇಯುವವರ ಕೈ ತುಂಬುತ್ತಿಲ್ಲ. ಕೈಉತ್ಪನ್ನಗಳ ಮೇಲೆ ಜಿಎಸ್‌ಟಿ ಬೇಡವೆಂದು ಪ್ರಸನ್ನ 2017ರಲ್ಲಿ ಸತ್ಯಾಗ್ರಹ ನಡೆಸಬೇಕಾಯಿತು, ಕೊರೊನಾ ಬಂದ 2020ರಲ್ಲಿ ಚರಕವೇ ತಾನು ದಿವಾಳಿಯಾಗಿರುವುದಾಗಿ ಬಹಿರಂಗವಾಗಿ ಹೇಳಿಕೊಂಡಿತು. ಹಾಗಾಗಿ ಅಗ್ಗದ ಲೆಕ್ಕವನ್ನು ಮೀಟರಿನ ದರದಲ್ಲಿ ಹಾಕದೆ ಕಿಟಕಿಗೆ ಎಷ್ಟು ಮೀಟರು ಬೇಕು ಎಂಬಲ್ಲಿ ಹಾಕಬೇಕು. ನೆಲ ಮುಟ್ಟುವ ಜೋಡಿ ಪರದೆ, ಅಸ್ತರು ಸೇರಿ ಬೇಡುವ ಬಟ್ಟೆಯಲ್ಲಿ ನಾಲ್ಕಾರು ಅರ್ಧ ಪರದೆ ಆಗುತ್ತವೆ. ಎರಡನೆಯ ತಕರಾರು ಬಣ್ಣ ಮಾಸುವುದು. ಬಿಸಿಲಿಗೆ ಬಹುತೇಕ ಎಲ್ಲ ಬಣ್ಣವೂ ಮಾಸುತ್ತದೆ, ಸಹಜ ಬಣ್ಣ ತುಸು ಬೇಗ. ತಟ್ಟಿ ಇರುವ ಕಿಟಕಿಯಲ್ಲಿ ಅದೂ ತಡವಾಗುತ್ತದೆ. ಮೂರನೆಯದು ಬೂಸಲು. ಹತ್ತಿಗೆ ಬೂಸಲು ಹಿಡಿಯುತ್ತದೆ ಎಂಬುದು ಸುಳ್ಳಲ್ಲ, ಆದರೆ ಅಸ್ತರಿಲ್ಲದ, ಗೋಡೆ ನೆಲ ಮುಟ್ಟದ ಗಿಡ್ಡ ಬಟ್ಟೆಗೆ ಎರಡೂ ಕಡೆ ಗಾಳಿ ಆಡುತ್ತದೆ. ಒಗೆದು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಬೆಳಗಾಗುವಷ್ಟರಲ್ಲಿ ಆರುವಂಥದ್ದು. ದಪ್ಪ ಪರದೆಯನ್ನು ಆಷಾಢದಲ್ಲಿ ಒಗೆಯುವ ಧೈರ್ಯ ಯಾರಿಗಿದೆ? ಹಿತ್ತಿಲ ಕಡೆಯ, ಯಾರೂ ಇಣುಕದ ಕಿಟಕಿಗಳಿಗಂತೂ ಮಳೆಗಾಲದಲ್ಲಿ ಪರದೆ ತೆಗೆದಿಟ್ಟುಬಿಡುವುದೇ ಲೇಸು.

ಬಟ್ಟೆಯೇ ಬೇಡದ ಅಲಂಕಾರವೂ ಈ ಸೀಮೆಯಲ್ಲಿದೆ. ಸಾಗರ, ಸೊರಬ, ಹೊಸನಗರದ ದೀವರ ಹೆಂಗಸರು ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದು ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ. ಅದರ ಎಳೆಗಳನ್ನು ಪಾಲಿಯೆಸ್ಟರ್ ಮೇಲೆ ಅಚ್ಚೊತ್ತಿ ಮಾರುವುದಕ್ಕಿಂತ ಬಲ್ಲವರಿಗೆ ತಕ್ಕ ಸಂಭಾವನೆ ಕೊಟ್ಟು ಕಿಟಕಿಯ ಸುತ್ತ ಒಳಗೋಡೆಗೆ ಒಂದು ಪಟ್ಟಿ ಬರೆಸಿಕೊಳ್ಳುವುದು ಮೇಲು.

ಮನೆ ಕಟ್ಟಿಸುತ್ತಿರುವವರು ಪರದೆಯ ಅಂಗಡಿಗೆ ಹೋಗುವ ಮುನ್ನ ಮೇಸ್ತ್ರಿಗೆ ಒಂದು ಮಾತು ಹೇಳಲಿ: ತೆಂಕಣ ಮತ್ತು ಪಡುವಣ ಗೋಡೆಯ ಕಿಟಕಿಗಳ ಮೇಲೆ, ಗಾರೆ ಹಸಿಯಿರುವಾಗಲೇ, ತಟ್ಟಿ ಕಟ್ಟಲು ಎರಡೆರಡು ಕಬ್ಬಿಣದ ಕೊಂಡಿ ಹಾಕಿಸಿ. ಆಗ ಅದಕ್ಕೆ ಖರ್ಚು ಏನೇನೂ ಇಲ್ಲ. ಆಮೇಲೆ ಡ್ರಿಲ್ ಹಿಡಿದು ಕೊರೆಸಿದರೆ ಮೊದಲ ಮೃಗಶಿರ ಮಳೆಗೆ ಅದೇ ತೂತಿನಿಂದ ನೀರು ಇಳಿಯುತ್ತದೆ.